ಅಕ್ಕಿ ಮನೆಗೆ ಬಂತು, ಕಾಯಿಪಲ್ಲೆ ಇನ್ನೂ ದೂರ

ಪ್ರಶ್ನೆ: ಅಮೆರಿಕದಲ್ಲಿ ತಾಜಾ ಆಹಾರ ಸಿಗದ ಬಡವರ ಪ್ರದೇಶಗಳನ್ನು ‘ಆಹಾರ ಮರುಭೂಮಿ’ ಎಂದು ಗುರುತಿಸಿ, ಅಲ್ಲಿ ಅಂಗಡಿ ತೆರೆಯಲು ಸರ್ಕಾರವೇ ನೆರವು ನೀಡುತ್ತದೆಂದು ಓದಿದೆ. ನಮ್ಮ ತಾಂಡಾಕ್ಕೆ ಪಡಿತರದ ಅಕ್ಕಿ ಸಿಗುತ್ತದೆ. ಕಾಯಿಪಲ್ಲೆ, ಹಣ್ಣು ಬೇಕೆಂದರೆ ಟಂಟಂ ಹಿಡಿದು ವಾರದ ಸಂತೆಗೇ ಹೋಗಬೇಕು. ನಮ್ಮಂಥವರಿಗಾಗಿ ಸರ್ಕಾರ ಏನು ಮಾಡುತ್ತಿದೆ?
– ಓದುಗರೊಬ್ಬರು, ಗುರುಮಠಕಲ್ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಅಮೆರಿಕದ ಕೃಷಿ ಇಲಾಖೆಯ ಅಳತೆಯಲ್ಲಿ, ದೊಡ್ಡ ದಿನಸಿ ಅಂಗಡಿ ನಗರದಲ್ಲಿ ಒಂದು ಮೈಲಿಗಿಂತ, ಹಳ್ಳಿಗಾಡಿನಲ್ಲಿ ಹತ್ತು ಮೈಲಿಗಿಂತ ದೂರವಿರುವ ಬಡ ಪ್ರದೇಶಗಳು ಈ ಹೆಸರಿಗೆ ಸೇರುತ್ತವೆ. ಅಂಥಲ್ಲಿ ಅಂಗಡಿ ತೆರೆಯುವವರಿಗೆ ಸಾಲ, ಅನುದಾನ ಕೊಡುವ ಕಾರ್ಯಕ್ರಮವನ್ನು ಅಲ್ಲಿನ ಸರ್ಕಾರ 2010ರಲ್ಲಿ ಘೋಷಿಸಿತು. ಆದರೆ ಅಂಗಡಿ ಹತ್ತಿರ ಬಂದ ಮಾತ್ರಕ್ಕೆ ಬಡ ಕುಟುಂಬಗಳ ಊಟ ಹೆಚ್ಚೇನೂ ಬದಲಾಗುವುದಿಲ್ಲವೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ನಮ್ಮ ಸರ್ಕಾರಗಳು ಹಿಡಿದ ದಾರಿ ಬೇರೆ. ಇಲ್ಲಿ ಮೊದಲ ಗಮನ ಧಾನ್ಯದ ಮೇಲೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯವನ್ನು ಹಕ್ಕಾಗಿಸಿತು; ಅನ್ನಭಾಗ್ಯ ಅದಕ್ಕೆ ಹೆಚ್ಚುವರಿ ಅಕ್ಕಿಯನ್ನು ಸೇರಿಸಿತು. ಇದರಿಂದ ಹೊಟ್ಟೆ ತುಂಬುವುದೆಂಬುದರಲ್ಲಿ ಅನುಮಾನವಿಲ್ಲ, ಪೌಷ್ಟಿಕತೆಯ ಕೊರತೆ ಮಾತ್ರ ನೀಗುವುದಿಲ್ಲ. ಈ ನೆಲದ ವಿಶಿಷ್ಟ ಬೆಳೆಯೆಂಬ ಅಧಿಕೃತ ಮಾನ್ಯತೆ, ಅಂದರೆ ಭೌಗೋಳಿಕ ಸೂಚಕ ಪಡೆದ ತೊಗರಿಬೇಳೆಯ ಸೀಮೆಯಲ್ಲಿಯೇ ಕೂಲಿಕಾರರು ಬೇಳೆಯನ್ನು ಅಳೆದು ಅಳೆದು ಬಳಸಬೇಕಾಗಿರುವುದು ನೋವಿನ ಸಂಗತಿ. ಪಡಿತರದಲ್ಲಿ ಕೊಡುವ ಪದಾರ್ಥಗಳನ್ನು ಹಂತಹಂತವಾಗಿ ವಿಸ್ತರಿಸಬೇಕೆಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆಗಳುಳ್ಳ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಫಲ ಕೊಟ್ಟಿರುವುದು ಆಹಾರವನ್ನು ಜನ ಇರುವಲ್ಲಿಗೇ ಒಯ್ಯುವ ಯೋಜನೆಗಳು. ಅಪೌಷ್ಟಿಕತೆ ಹೆಚ್ಚಿದ್ದ ಕಾರಣಕ್ಕೇ 2021ರ ಡಿಸೆಂಬರ್‌ನಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಮೊಟ್ಟೆ ಆರಂಭವಾಗಿ, ಬಳಿಕ ರಾಜ್ಯಕ್ಕೆಲ್ಲ ಹಬ್ಬಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ 2017ರಿಂದ ಇದೆ. ಇಷ್ಟಾದರೂ ಶಾಲೆ ಬಿಟ್ಟ ಕಿಶೋರಿಯರು, ದುಡಿಯಲು ಗುಳೆ ಹೋಗಿ ಬರುವವರು, ಮನೆಯಲ್ಲುಳಿದ ವೃದ್ಧರು ಇವುಗಳಿಂದ ಹೊರಗೇ ಉಳಿಯುತ್ತಾರೆ.

ನಿಮ್ಮ ಕಾಯಿಪಲ್ಲೆಯ ಸಮಸ್ಯೆಗೆ ಹತ್ತಿರದ ಬಾಗಿಲು ಗ್ರಾಮ ಪಂಚಾಯಿತಿ, ಏಕೆಂದರೆ ಸಂತೆ ನಡೆಸುವ ಅಧಿಕಾರ ಅದಕ್ಕಿದೆ. ತಾಂಡಾದ ಬಳಿ ವಾರದ ಇನ್ನೊಂದು ದಿನ ಸಣ್ಣ ಸಂತೆ ಸೇರಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಅದರಲ್ಲಿ ಮನೆಗಳ ಸಂಖ್ಯೆ, ಈಗಿನ ಸಂತೆಯ ದೂರ ಮತ್ತು ಟಂಟಂ ಖರ್ಚನ್ನು ಸ್ಪಷ್ಟವಾಗಿ ಬರೆಸಿ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ವಿತರಣೆಯಾದ ಕಂದಾಯ ಗ್ರಾಮಗಳಲ್ಲಿ (ಸರ್ಕಾರಿ ದಾಖಲೆಯಲ್ಲಿ ಪ್ರತ್ಯೇಕ ಊರೆಂದು ಸೇರಿದವು) ನಿಮ್ಮ ತಾಂಡಾವೂ ಸೇರಿದ್ದರೆ ಅದನ್ನೂ ನಮೂದಿಸಿ. ಸೌಲಭ್ಯ ಕೇಳುವಾಗ ಆ ದಾಖಲೆಗೆ ತೂಕವಿದೆ. ದೂರದ, ತಲುಪಲು ಕಷ್ಟವಾದ ಪ್ರದೇಶಗಳ ದುರ್ಬಲರ ಆಹಾರ ಭದ್ರತೆಗೆ ವಿಶೇಷ ಗಮನ ಕೊಡಬೇಕೆನ್ನುವ ಆಹಾರ ಭದ್ರತಾ ಕಾಯ್ದೆಯ 30ನೇ ಸೆಕ್ಷನ್ ಉಲ್ಲೇಖಿಸಿ, ಠರಾವಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಪಡಿತರದ ತೂಕದಲ್ಲಿ ಕೊರತೆ ಕಂಡರೆ 1967 ಸಹಾಯವಾಣಿಗೆ ದೂರು ಕೊಡಬಹುದು.