‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೆ ಹೂಂ ಅನ್ನಬೇಡಿ

ಪ್ರಶ್ನೆ: ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ತಿಂಗಳಿಂದ ತುಂಬಾ ನಿಧಾನವಾಗಿತ್ತು. ಈಗ ಸಿಕ್ಕಿಸಿದರೆ ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತಿದೆ. ಹತ್ತು ವರ್ಷದ ಫೋಟೊಗಳಿವೆ, ಬೇರೆ ಪ್ರತಿ ಇಲ್ಲ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಿದರೆ ಸರಿಹೋಗುತ್ತೆ ಅಂತ ಗೆಳೆಯರು ಹೇಳಿದರು. ಮಾಡಲೇ?

ಉತ್ತರ: ಮಾಡಬೇಡಿ. ಇಂಥ ಗೆಳೆಯರ ದಯೆಯಿಂದಲೇ ನನ್ನ ಮೇಜು ಯಾವಾಗಲೂ ತುಂಬಿರುತ್ತದೆ. ಚೆಕ್‌ಡಿಸ್ಕ್‌ಗೆ ನಿಮ್ಮ ಫೋಟೊಗಳ ಚಿಂತೆಯಿಲ್ಲ, ಯಾವ ಫೈಲು ಎಲ್ಲಿದೆ ಅನ್ನುವ ಫೈಲ್ ಸಿಸ್ಟಮ್‌ನ ಲೆಕ್ಕ ತಾಳೆಯಾದರೆ ಸಾಕು. ತಾಳೆಯಾಗದ ನಮೂದನ್ನು ಅಳಿಸುತ್ತದೆ, ವಾರಸುದಾರರಿಲ್ಲದ ತುಣುಕುಗಳನ್ನು ‘ಫೌಂಡ್.000’ ಅನ್ನುವ ಫೋಲ್ಡರಿಗೆ ಸುರಿಯುತ್ತದೆ. ಅದನ್ನೂ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ.

‘ನಿಧಾನವಾಗಿತ್ತು’ ಅಂದಿರಲ್ಲ, ನನಗೆ ಅದೇ ಮುಖ್ಯ. ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ತುಂಡು ಜಾಗ) ಸಿಕ್ಕಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ತಂತ್ರಾಂಶದಲ್ಲಿ ‘ಸಿ5’ ಸಾಲು ನೋಡಿ. ಕೊನೆಯ ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳಿವೆ ಅಂತ ಅರ್ಥ. ಆಮೇಲೆ ಆ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸುತ್ತಾ ಕೂರಬೇಡಿ.

ಮೊದಲು ರಿಪೇರಿಯಲ್ಲ, ಮೊದಲು ನಕಲು. ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಡಿಸ್ಕ್ ತನ್ನಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ನಕಲು ತಂತ್ರಾಂಶ ಓಡಿಸಿ. ಅದು ಸಲೀಸಾಗಿ ಓದುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ ಜಾಗವನ್ನು ಹಾರಿಸಿ ಕೊನೆಗೆ ಅಲ್ಲಿಗೆ ಮರಳುತ್ತದೆ. ಎಲ್ಲಿಯವರೆಗೆ ಬಂತು ಅನ್ನುವುದು ಮ್ಯಾಪ್ ಫೈಲಿನಲ್ಲಿ ಇರುತ್ತದೆ, ಹಾಗಾಗಿ ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಮ್ಯಾಪ್ ಫೈಲಿನ ಹೆಸರು ಕೊಡದೆ ಶುರುಮಾಡಿ, ಎರಡು ದಿನದ ಮೇಲೆ ಕರೆಂಟ್ ಹೋಗಿ, ಮತ್ತೆ ಮೊದಲಿಂದ ಓದಿಸಿದವರಿದ್ದಾರೆ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕು ನಿಮ್ಮ ಫೋಟೊಗಳ ಮೇಲೆ ಕೂರುತ್ತದೆ. ನಾನು ಇವತ್ತಿಗೂ ಎರಡೂ ಡಿಸ್ಕಿನ ಸೀರಿಯಲ್ ನಂಬರ್ ಕಾಗದದಲ್ಲಿ ಬರೆದು, ಪರದೆಗೆ ಹೋಲಿಸಿ ನೋಡದೆ ಎಂಟರ್ ಒತ್ತುವುದಿಲ್ಲ.

ಉಳಿದದ್ದೆಲ್ಲ ನಕಲಿನ ಮೇಲೆ. ಮೊದಲು ಕಳೆದುಹೋದ ಪಾರ್ಟಿಷನ್ (ಡಿಸ್ಕಿನ ವಿಭಾಗ) ಹುಡುಕುವ ಟೆಸ್ಟ್‌ಡಿಸ್ಕ್. ಅದರಿಂದ ಆಗದಿದ್ದರೆ ಫೈಲುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುವ ಫೋಟೋರೆಕ್. ಆದರೆ ಫೋಟೋರೆಕ್ ಸಾಮಾನ್ಯವಾಗಿ ಫೈಲಿನ ಹೆಸರನ್ನೂ ಫೋಲ್ಡರನ್ನೂ ಉಳಿಸುವುದಿಲ್ಲ. ಸಾವಿರಾರು ಫೋಟೊಗಳನ್ನು ನೀವೇ ಕೂತು ವಿಂಗಡಿಸಬೇಕು.

ನಡುವೆ ಡಿಸ್ಕು ಟಿಕ್ ಟಿಕ್ ಅಂದರೆ ತಕ್ಷಣ ಕೇಬಲ್ ಕೀಳಿ. ಬೇರೆ ಪ್ರತಿ ಇಲ್ಲ ಅಂದಿರಲ್ಲ. ನಾನಾಗಿದ್ದರೆ ಇಷ್ಟನ್ನೂ ಮನೆಯಲ್ಲಿ ಮಾಡದೆ ಡೇಟಾ ವಾಪಸ್ ತೆಗೆಯುವ ಲ್ಯಾಬಿಗೇ ಕೊಡುತ್ತಿದ್ದೆ.

ಪ್ರಶ್ನೆ: ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತಂತೆ?

ಉತ್ತರ: ಹೊರಗೆ ತೆಗೆದಾಗ ಒಳಗೆಲ್ಲ ಪಸೆಗಟ್ಟುತ್ತದೆ. ಓದುವ ಹೆಡ್ಡು, ಡೇಟಾ ಇರುವ ತಿರುಗುವ ತಟ್ಟೆಯಾದ ಪ್ಲಾಟರಿನಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುವಂಥದ್ದು, ಆ ಪಸೆಗೆ ತಗಲದೆ ಇರದು. ಸುಮ್ನೆ ಬಿಡಿ.

ಪ್ರಶ್ನೆ: ಅದೇ ಮಾದರಿಯ ಬೇರೆ ಡಿಸ್ಕಿನಿಂದ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಹಾಕಬಹುದೇ?

ಉತ್ತರ: ಹಳೇ ಕಾಲದ ಉಪಾಯ. ಈಗಿನ ಬೋರ್ಡಿನ ರೋಮ್ ಅನ್ನುವ ಮೆಮೊರಿ ಚಿಪ್ಪಿನಲ್ಲಿ ಆ ಡಿಸ್ಕಿಗಷ್ಟೇ ಹೊಂದುವ ಅಳತೆಗಳಿರುತ್ತವೆ. ಆ ಚಿಪ್ಪನ್ನೂ ಹೊಸ ಬೋರ್ಡಿಗೆ ಸಾಗಿಸದಿದ್ದರೆ ಆಗದು.

ಪ್ರಶ್ನೆ: ಪ್ಲಾಸ್ಟಿಕ್ ಪೆಟ್ಟಿಗೆ ಬಿಚ್ಚಿ ನೇರವಾಗಿ ಕಂಪ್ಯೂಟರಿಗೆ ಜೋಡಿಸಲೇ?

ಉತ್ತರ: ಎಷ್ಟೋ ಚಿಕ್ಕ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಜೋಡಿಸಲು ಬೇರೆ ಕಿಂಡಿಯೇ ಇರುವುದಿಲ್ಲ. ಕೆಲವು ಮಾದರಿಗಳು ಪಾಸ್‌ವರ್ಡ್ ಇಡದಿದ್ದರೂ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ (ಗುಪ್ತಲಿಪಿಯಲ್ಲಿ) ಬರೆಯುತ್ತವೆ, ನೇರವಾಗಿ ಜೋಡಿಸಿದರೆ ಅದನ್ನು ಓದಲಾಗದು. ಬಿಚ್ಚುವ ಮೊದಲು ಬೇರೆ ಕೇಬಲ್ ಹಾಕಿ ನೋಡಿದಿರಾ?

ಪ್ರಶ್ನೆ: ‘ನೂರಕ್ಕೆ ನೂರು ವಾಪಸ್ ತೆಗೆದುಕೊಡ್ತೀವಿ’ ಅನ್ನುವವರನ್ನು ನಂಬಬಹುದೇ?

ಉತ್ತರ: ಡಿಸ್ಕು ನೋಡುವ ಮೊದಲೇ ಹಾಗೆ ಹೇಳಿದರೆ ಎದ್ದು ಬನ್ನಿ. ಅಂಥ ಕಡೆ ಹೋಗಿ ಬಂದ ಡಿಸ್ಕೊಂದು ಈಚೆಗೆ ನನ್ನ ಕೈಗೆ ಬಂತು. ಮುಚ್ಚಳದ ಸ್ಕ್ರೂಗಳ ತಲೆ ಸವೆದಿತ್ತು. ಒಳಗೆ ಕನ್ನಡಿಯಂಥ ಪ್ಲಾಟರಿನ ಮೇಲೆ ಹೆಬ್ಬೆಟ್ಟಿನ ಗುರುತು, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ.