ಗೆಟ್ ಅಂದ್ರೆ ಸಿಗುವುದಾ, ಆಗುವುದಾ?

ಪ್ರಶ್ನೆ: ಸರ್, ನಾನು ಸಿಂಧನೂರಿನವನು. ಪಿಯುಸಿವರೆಗೂ ಕನ್ನಡ ಮೀಡಿಯಂ. ಈಗ ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿನ ‘ಗೆಟ್’ ನನ್ನ ತಲೆ ತಿನ್ನುತ್ತಿದೆ. ಪತ್ರ ಬಂದರೂ ಗೆಟ್, ಸಿಟ್ಟು ಬಂದರೂ ಗೆಟ್, ಮದುವೆಯಾದರೂ ಗೆಟ್, ಬಸ್ ಇಳಿದರೂ ಗೆಟ್. ಇದರ ಮೂಲ ಅರ್ಥವಾದರೂ ಏನು? ‘ಹ್ಯಾವ್ ಗಾಟ್’ ಬದಲು ‘ಹ್ಯಾವ್ ಗಾಟನ್’ ಅಂತ ಬರೆದರೆ ತಪ್ಪಾ?

ಉತ್ತರ: ಮೊದಲು ಮೂಲ ನೋಡೋಣ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಗೆಟ್ ಇಂಗ್ಲೆಂಡಿಗೆ ಹಡಗಿನಲ್ಲಿ ಬಂದ ಪದ. ತಂದವರು ವೈಕಿಂಗರು, ಅಂದರೆ ಈಗಿನ ಡೆನ್ಮಾರ್ಕ್, ನಾರ್ವೆ ಕಡೆಯ ಕಡಲ ದಾಳಿಕೋರರು. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು ಲೂಟಿ ಮಾಡಿದ ಇದೇ ಜನ, ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆ ನಿಂತು ಬೇಸಾಯ ಮಾಡತೊಡಗಿದರು. ನೆರೆಹೊರೆಯವರಾದ ಮೇಲೆ ಮಾತು ಬೆರೆಯದೆ ಇರುತ್ತಾ? ನಿಮ್ಮ ರಾಯಚೂರಿನ ಕನ್ನಡದಲ್ಲಿ ತೆಲುಗು, ಉರ್ದು ಬೆರೆತಿರುವ ಹಾಗೆಯೇ ಇದೂ. ಅವರ ‘ಗೆಟಾ’ ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಗೆಟ್ ಆಗಿ ಕಾಣಿಸಿತು. ಟೇಕ್, ಕಾಲ್, ಎಗ್, ಸ್ಕೈ, ಅಷ್ಟೇ ಯಾಕೆ, ‘ದೇ’ ಎಂಬ ಪದವೂ ಅವರದೇ ಕೊಡುಗೆ.

ಇಂಗ್ಲಿಷರ ಹಳೆಯ ಭಾಷೆಯಲ್ಲೂ ಇದೇ ಬೇರಿನ ಮಾತೊಂದಿತ್ತು. ಆದರೆ ಅದು ಬಿಡಿಯಾಗಿ ಓಡಾಡದೆ ಇನ್ನೊಂದು ತುಣುಕಿಗೆ ಅಂಟಿಕೊಂಡೇ ಇರುತ್ತಿತ್ತು. ‘ಫರ್ಗೆಟ್’ ಬಂದದ್ದು ಅದರಿಂದ. ಹಿಡಿದಿದ್ದು ಕೈ ಜಾರಿದರೆ ಮರೆವು, ಅಲ್ವಾ?

ಆ ಬೇರಿನ ಅರ್ಥವೇ ‘ಹಿಡಿ’. ಈಗ ನಮ್ಮ ‘ಹಿಡಿ’ಯನ್ನು ನೋಡಿ. ಕಳ್ಳನನ್ನು ಹಿಡಿದರು. ಬಸ್ ಹಿಡಿದೆ. ನೆಗಡಿ ಹಿಡಿಯಿತು. ಹುಚ್ಚು ಹಿಡಿಯಿತು. ತುಕ್ಕು ಹಿಡಿಯಿತು. ಒಂದೇ ಪದ ಇಷ್ಟು ಕಡೆ ದುಡಿಯುತ್ತಿದ್ದರೂ ನಮಗೆ ಭಾರ ಅನಿಸುವುದಿಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇವೆ. ‘ಐ ಗೆಟ್ ಇಟ್’ ಅಂದರೆ ಅರ್ಥವಾಯಿತು ಅಂತ. ಅದೂ ಹಿಡಿಯುವುದೇ, ಮನಸ್ಸಿನಿಂದ. ಲ್ಯಾಟಿನ್ ಕಡೆಯಿಂದ ಬಂದ ‘ಕಾಂಪ್ರಿಹೆಂಡ್’ (ಅರ್ಥ ಮಾಡಿಕೊಳ್ಳು) ಗೆಟ್‌ಗೆ ದೂರದ ನೆಂಟ, ಅದರೊಳಗೂ ಹಿಡಿಯುವುದೇ ಇದೆ. ನಮ್ಮ ‘ಗ್ರಹಿಸು’ ಬೇರೆ ಮನೆತನದ್ದು, ಆದರೂ ಯೋಚನೆ ಒಂದೇ.

ಇನ್ನು ಪರೀಕ್ಷೆಯ ಮಾತು. ಗೆಟ್‌ನ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದು ಸುಮ್ನೆ ದಂಡ. ಅದರ ಮುಂದೆ ಏನು ಬಂದಿದೆ ನೋಡಿ. ವಸ್ತು ಬಂದರೆ ಸಿಗು: ‘ಐ ಗಾಟ್ ಎ ಲೆಟರ್’. ಗುಣ ಅಥವಾ ಸ್ಥಿತಿ ಬಂದರೆ ಆಗು: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಸ್ಥಳ ಬಂದರೆ ತಲುಪು. ‘ಗಾಟ್ ಮ್ಯಾರೀಡ್’ ಕೂಡ ಆಗು ಗುಂಪಿನದೇ.

ನಮ್ಮ ಹುಡುಗರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಕಟಿಂಗ್ ಮಾಡಿಸಿಕೊಂಡು ಬಂದು ‘ಐ ಕಟ್ ಮೈ ಹೇರ್’ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಕನ್ನಡಿ ಮುಂದೆ ನಿಂತು ಕತ್ತರಿ ಹಿಡಿದವರು ನೀವೇ ಎಂದಾಗುತ್ತದೆ! ಕನ್ನಡದಲ್ಲಿ ಒಂದು ‘ಇಸು’ ಸೇರಿಸಿದರೆ ಸಾಕು: ಮಾಡಿದೆ, ಮಾಡಿಸಿದೆ. ಇಂಗ್ಲಿಷಿನಲ್ಲಿ ಆ ‘ಇಸು’ ಇಲ್ಲ, ಅದರ ಕೆಲಸವನ್ನು ಗೆಟ್ ಮಾಡುತ್ತದೆ. ‘ಐ ಗಾಟ್ ಮೈ ಹೇರ್ ಕಟ್.’ ಗದ್ದೆಯ ಮೋಟರ್ ಸುಟ್ಟು ಅಂಗಡಿಗೆ ಒಯ್ದರೆ ‘ಐ ಗಾಟ್ ದ ಮೋಟರ್ ರಿಪೇರ್ಡ್.’ ಮಾಡಿದವನ ಹೆಸರೂ ಬೇಕಾದರೆ ನಡುವೆ ‘ಟು’ ತನ್ನಿ: ‘ಐ ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ಇಟ್.’ ಗೆಟ್‌ನಲ್ಲಿ ಇದೊಂದು ಕೈಗೆ ಹತ್ತಿದರೆ ಉಳಿದದ್ದು ಸಲೀಸು.

ಬಸ್ಸಿನ ವಿಷಯ. ನಾವೆಲ್ಲ ‘ಗೆಟ್ ಡೌನ್’ ಅನ್ನುತ್ತೇವೆ, ಕಂಡಕ್ಟರಿಗೂ ಅದೇ ಅರ್ಥವಾಗುತ್ತದೆ. ಬ್ರಿಟಿಷರು ‘ಗೆಟ್ ಆಫ್’ ಅನ್ನುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಎದ್ದು ನಿಂತು ಓಡಾಡುವಂಥ ಬಸ್, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಬೈಕಿಗೂ ಅದೇ. ಬಗ್ಗಿ ಒಳಗೆ ಕೂರುವ ಕಾರು, ಆಟೋಗೆ ಗೆಟ್ ಇನ್, ಗೆಟ್ ಔಟ್. ಆ ‘ಗೆಟೌಟ್’ ಅನ್ನು ನಾವು ಬೈಗುಳಕ್ಕೇ ಮೀಸಲಿಟ್ಟಿದ್ದೇವೆ, ಅದು ಬೇರೆ ಮಾತು. ಹಾಗೆಯೇ ‘ಗೆಟಪ್’. ಬಳ್ಳಾರಿ ಕಡೆ ನಾಟಕದವರಿಗೆ ಅದು ವೇಷ. ಇಂಗ್ಲಿಷಿನಲ್ಲೂ ಆ ಅರ್ಥ ಇದೆ, ನಾವು ಕಟ್ಟಿದ್ದಲ್ಲ.

ಕೊನೆಗೆ ಗಾಟನ್. ತಪ್ಪಲ್ಲ, ಹಳೆಯ ರೂಪ. ಹಿಂದೆ ಇಂಗ್ಲೆಂಡಿನಲ್ಲೂ ಚೆನ್ನಾಗಿಯೇ ನಡೆಯುತ್ತಿತ್ತು, ಆಮೇಲೆ ಅಲ್ಲಿನವರು ಹೆಚ್ಚುಕಡಿಮೆ ಕೈಬಿಟ್ಟರು. ಅಮೆರಿಕದವರು ಉಳಿಸಿಕೊಂಡರು. ಅವರಿಗೆ ‘ಹ್ಯಾವ್ ಗಾಟ್’ ಅಂದರೆ ನನ್ನ ಹತ್ತಿರ ಇದೆ, ‘ಹ್ಯಾವ್ ಗಾಟನ್’ ಅಂದರೆ ನನಗೆ ಸಿಕ್ಕಿದೆ. ‘ಫರ್ಗಾಟನ್’ ಮಾತ್ರ ಎರಡೂ ಕಡೆ ಗಟ್ಟಿಯಾಗಿ ಉಳಿದಿದೆ. ನಮ್ಮ ಪಠ್ಯಪುಸ್ತಕಗಳ ಇಂಗ್ಲಿಷ್ ಬ್ರಿಟಿಷರ ದಾರಿಯದು, ಹಾಗಾಗಿ ನೀವು ‘ಗಾಟ್’ ಅಂತಲೇ ಬರೆಯಿರಿ.