ಸಿಡಿಯಲ್ಲಿರುವ ಹಳೆ ಆಕ್ಸೆಸ್ ಫೈಲ್ ಹೊಸ ಆಕ್ಸೆಸ್‌ನಲ್ಲಿ ಯಾಕೆ ತೆರೆಯುತ್ತಿಲ್ಲ?

ನಿಮ್ಮ ತಿಪಟೂರು ಕೊಬ್ಬರಿ ಮಂಡಿಯ ಲೆಕ್ಕ ಆಕ್ಸೆಸ್ 97ರಲ್ಲಿ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶದ ಹಳೆ ಆವೃತ್ತಿ) ಇದೆ ಅಂದಿರಿ. ಆಕ್ಸೆಸ್ 2013 ಮತ್ತು ಅದರ ನಂತರದವು 97ರ ಫೈಲನ್ನು ತೆರೆಯುವುದೇ ಇಲ್ಲ. ಸಿಡಿಯದ್ದು ಬೇರೆ ತೊಂದರೆ. ಯಾರ್ಯಾರು ಫೈಲು ಬಳಸುತ್ತಿದ್ದಾರೆ ಅಂತ ಗುರುತಿಡಲು ಆಕ್ಸೆಸ್ ಸಾಮಾನ್ಯವಾಗಿ ಅದೇ ಫೋಲ್ಡರ್‌ನಲ್ಲಿ ಒಂದು ಪುಟ್ಟ ಲಾಕ್ ಫೈಲ್ ಬರೆಯುತ್ತದೆ. ಒಮ್ಮೆ ಬರೆದು ಮುಗಿಸಿದ ಸಿಡಿಯಲ್ಲಿ ಮತ್ತೆ ಬರೆಯೋಕೆ ಜಾಗವೆಲ್ಲಿ? ಹಾಗಾಗಿ ಅಲ್ಲಿಂದ ತೆರೆದರೂ ಓದಲು ಮಾತ್ರ ಸಿಗುತ್ತದೆ, ತಿದ್ದಲು ಆಗುವುದಿಲ್ಲ.

ಫೈಲನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಪ್ರಾಪರ್ಟೀಸ್‌ನಲ್ಲಿ ‘ರೀಡ್-ಓನ್ಲಿ’ ಟಿಕ್ ಉಳಿದಿದ್ದರೆ ತೆಗೆಯಿರಿ. ಆಮೇಲೆ ಆಕ್ಸೆಸ್ 2007 ಅಥವಾ 2010 ಇರುವ ಕಂಪ್ಯೂಟರ್‌ನಲ್ಲಿ ತೆರೆದು, ಹೊಸ ಆಕ್ಸೆಸ್‌ನಲ್ಲೂ ತೆರೆಯುವ ‘ಎಸಿಸಿಡಿಬಿ’ (.accdb) ಫೈಲಾಗಿ ಉಳಿಸಿ. ಅಂಥ ಹಳೆ ಕಂಪ್ಯೂಟರ್ ನಿಮ್ಮೂರಿನ ಯಾವುದಾದರೂ ಕಂಪ್ಯೂಟರ್ ಸೆಂಟರ್‌ನಲ್ಲಿ ಇದ್ದರೂ ಇರಬಹುದು, ಕೇಳಿ ನೋಡಿ. ಸಿಡಿಯನ್ನು ಮಾತ್ರ ಎಸೆಯಬೇಡಿ.